ಚಿಲ್ಲದ ಬೀಜದಿಂದ ಸ್ವಚ್ಛ್ ಡಬ್ಬಿವರೆಗೆ

ನಮ್ ಕಡೆ ಕುಡಿಯೋ ನೀರು ಅಂದ್ರೆ ಮೊದ್ಲು ಹೊಳೆ ನೀರೇ ಕಣ್ರವ್ವಾ: ಹುಣಸೂರಿಗೆ ಲಕ್ಷ್ಮಣತೀರ್ಥ, ಕೆ.ಆರ್.ನಗರಕ್ಕೆ ಕಾವೇರಿ, ಎಚ್.ಡಿ.ಕೋಟೆಗೆ ಕಬಿನಿ. ಮಳೆಗಾಲದಲ್ಲಿ ನೀರು ಕೆಂಪಗಾದ್ರೆ ಹಿಂದಿನೋರು ಗಡಿಗೆ ಒಳಗೆ ಚಿಲ್ಲದ ಬೀಜ ತೇಯ್ದು ನೀರು ತುಂಬೋರು. ಮಣ್ಣು ತಳಕ್ಕೆ ಕೂತ್ಮೇಲೆ ಬಟ್ಟೇಲಿ ಸೋಸೋರು. ಬೋರ್‌ವೆಲ್ ಬಂದ್ಮೇಲೆ ನೀರೇನೋ ತಿಳಿ, ಆದ್ರೆ ಬಹಳ ಕಡೆ ಗಡಸು. ಕಾಯ್ಸಿದ ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಕೊಳ್ತದೆ.

2005ರಲ್ಲಿ ಟಾಟಾ ಏಸ್ ಅನ್ನೋ ಪುಟ್ಟ ಗಾಡಿ ಬಂತು, 2009ರ ಕೊನೇಲಿ ಅದೇ ಟಾಟಾದೋರ ಸ್ವಚ್ಛ್ ಫಿಲ್ಟರ್. ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ಸಣ್ಣ ಕಣ ಸೇರ್ಸಿದ್ದು. ಕರೆಂಟೂ ಬೇಡ, ನಲ್ಲೀನೂ ಬೇಡ. ಬೂದೀಲಿ ಪಾತ್ರೆ ಬೆಳಗ್ದೋರಿಗೆ ಅದ್ರಲ್ಲೇ ನೀರು ಸೋಸೋದು ನಗು ತರ್ಸಿತ್ತು! ಅದು ರೋಗಾಣು ತೆಗೀತದೆ, ಕರಗಿರೋ ಉಪ್ಪು ತೆಗಿಯಲ್ಲ. ಉಪ್ಪಿಗೆ ಆರ್‌ಒ ಬೇಕು.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹೇರೋ ಪಿಕಪ್ ಇರೋ ಮನೆಯೋರು ಇದನ್ನ ತಿಳ್ಕೊಂಡಿರ್ಬೇಕು. "ಫಿಲ್ಟರ್ ನೀರೇ ತಾನೆ" ಅಂತ ರೇಡಿಯೇಟರ್‌ಗೆ ಹುಯ್ದ್ರೆ, ಪಾತ್ರೇಲಿ ಕಟ್ಟೋ ಬಿಳಿ ಪದರ ಅಲ್ಲೂ ಕಟ್ತದೆ. ಇಂಜಿನ್ ಕಾಯ್ತದೆ, ಹೆಡ್ ಗ್ಯಾಸ್ಕೆಟ್ ಹೋಯ್ತದೆ. ಆರ್‌ಒ ಆಚೆ ಬಿಡೋ ನೀರಲ್ಲಂತೂ ಉಪ್ಪು ಇನ್ನೂ ಜಾಸ್ತಿ. ಕೂಲೆಂಟು, ಡಿಸ್ಟಿಲ್ಡ್ ವಾಟರ್ರು ತಂದಿಡಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗಿಬೇಡಿ ಅಂತ ಮಕ್ಳಿಗೂ ಹೇಳಿ.