ಲೋಟ, ಕೇಜು, ಕ್ಯಾಂಪು

ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕನ ಶಾಸನ ಸಿಕ್ಕಿದ್ದು ಬಂಗಾರ ಹುಡುಕಲು ಹೋದವರಿಗೆ. 1915ರಲ್ಲಿ ನಿಜಾಮರ ರಾಜ್ಯದಲ್ಲಿ ಚಿನ್ನದ ಶೋಧಕ್ಕೆ ತಿರುಗುತ್ತಿದ್ದ ಎಂಜಿನಿಯರ್ ಬೀಡನ್ ಸಾಹೇಬರ ಕಣ್ಣಿಗೆ ಅದು ಬಿತ್ತು. ಅಶೋಕ ಎಂಬ ಹೆಸರೇ ಅದರಲ್ಲಿದೆ ಎಂದು ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದೆ, ಪರೀಕ್ಷೆಗೂ ಅದನ್ನೇ ಕೇಳಿದೆ. ಮನೆಯಲ್ಲಿ ಮೊಮ್ಮಗಳಿಗೆ ಹೇಳುವುದು ಮಾತ್ರ ಅದೇ ಕಲ್ಲಿನ ಇನ್ನೊಂದು ಮಾತು: ಧರ್ಮದ ಫಲ ದೊಡ್ಡವರಿಗಷ್ಟೇ ಅಂತ ತಿಳಿಯಬೇಡಿ, ಸಣ್ಣವರಿಗೂ ಅದು ಸಿಗುತ್ತದೆ, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು. ಕೊರೆಸಿ ಎರಡು ಸಾವಿರದ ಇನ್ನೂರು ವರ್ಷದ ಮೇಲಾಯಿತು.

ಅಲ್ಲಿಂದ ಮಾತು ಜಾತಿಗೆ ಹೊರಳಿದರೆ ಸಾಕು, ‘ಕೂಸಿನ ಮುಂದ ಜಾತಿ ಮಾತು ಯಾಕಬೇ, ಇನ್ನೂ ಸಣ್ಣದೈತಿ’ ಎಂದು ಮಗಳು ತಡೆಯುತ್ತಾಳೆ. ನನ್ನ ತವರಿನಲ್ಲಿ ಆಳಿನ ಲೋಟವನ್ನು ದನದ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿಡುತ್ತಿದ್ದರು. ಅದನ್ನು ಮುಟ್ಟಬಾರದು ಎಂದು ಯಾರೂ ಹೇಳಿದ್ದ ನೆನಪಿಲ್ಲ. ಆದರೂ ಶಾಲೆಗೆ ಹೋಗುವ ಮೊದಲೇ ನನಗದು ಗೊತ್ತಿತ್ತು. ನಾವು ಬಾಯಿ ಮುಚ್ಚಿಕೊಂಡರೆ ಮಕ್ಕಳು ಸೂರು ನೋಡಿ ಕಲಿಯುತ್ತಾರೆ.

ಸಣ್ಣದು ಅನ್ನುವುದಾದರೆ ಮಿಯಾಪುರದ ಕೂಸಿಗೆ ಎಷ್ಟು ವಯಸ್ಸು? ನಮ್ಮ ಪಕ್ಕದ ಕುಷ್ಟಗಿ ತಾಲ್ಲೂಕು ಅದು, 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ತನಕ ನಮ್ಮ ರಾಯಚೂರಿಗೇ ಸೇರಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ದಲಿತ ಮಗುವೊಂದು ಅಪ್ಪನ ಕೈ ಬಿಡಿಸಿಕೊಂಡು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿ ಮಾಡಬೇಕು, 25,000 ರೂಪಾಯಿ ಕೊಡು ಎಂದರು ಊರ ಹಿರಿಯರು. ಸುದ್ದಿಯಾದ ಮೇಲೆ ಅಧಿಕಾರಿಗಳು, ಪೊಲೀಸರು ಬಂದರು. ಮುಂದೆ ಆ ಮಗುವಿನ ಹೆಸರಿನಲ್ಲೇ ಸರ್ಕಾರ ಒಂದು ಯೋಜನೆಯನ್ನೂ ತಂದಿತು. ಆ ಮನೆಯವರಿಗೆ ಜಾತಿಯ ಈ ಪಾಠವನ್ನು ಮುಂದಕ್ಕೆ ಹಾಕುವ ಅನುಕೂಲ ಇರಲಿಲ್ಲ. ಅದು ನಮ್ಮಂಥವರಿಗೆ ಮಾತ್ರ ಇರುವುದು.

ನಾವಿರುವ ಗಣಿಯೂರು ಹಟ್ಟಿಯದು ಬೇರೆ ಚರಿತ್ರೆ. ಬ್ರಿಟಿಷ್ ಕಂಪನಿ 1920ರ ಸುಮಾರಿಗೆ ಗಣಿ ಬಿಟ್ಟುಹೋಯಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹುಟ್ಟಿ, ರಾಜ್ಯ ಒಂದಾದ 1956ರಲ್ಲಿ ಹಟ್ಟಿ ಚಿನ್ನದ ಗಣಿ ಎನಿಸಿಕೊಂಡಿತು. ನಮ್ಮ ಯಜಮಾನರು ಮಲ್ಲಪ್ಪ ಶಾಫ್ಟಿನಲ್ಲಿ ಅಂಡರ್‌ಗ್ರೌಂಡ್ ಡ್ಯೂಟಿಗೆ ಇಳಿಯುತ್ತಿದ್ದರು. ಗಣಿಗೆ ಇಳಿಸುವ ಕೇಜಿನೊಳಗೆ ಮೈಗೆ ಮೈ ತಾಗಿಸಿ ನಿಲ್ಲಬೇಕು, ಅಲ್ಲಿ ಮಡಿ ಎಲ್ಲಿಂದ ಬರಬೇಕು? ಕೆಳಗೆ ಒಂದೇ ಬಾಟಲಿಯ ನೀರು ಕುಡಿದವರು ಮೇಲೆ ಬಂದು ತಮ್ಮ ತಮ್ಮ ಹಳ್ಳಿಯ ಹೋಟೆಲಿನಲ್ಲಿ ಬೇರೆ ಬೇರೆ ಲೋಟ ಹಿಡಿಯುತ್ತಿದ್ದರಂತೆ. ಗಣಿ ಎಲ್ಲರನ್ನೂ ಸಮ ಮಾಡಿತು ಎಂದು ಭಾಷಣ ಬಿಗಿಯುವವರನ್ನು ಕಂಡರೆ ಅದಕ್ಕೇ ನನಗೆ ನಗು.

ಈಗಿನ ತಕರಾರು ಕ್ಯಾಂಪಿನದು. ಮಗಳ ಮನೆ ಇರುವುದು ಸಿಂಧನೂರಿನಲ್ಲಿ. ಮೊಮ್ಮಗಳು ಒಂದಿನ ತನ್ನ ಕ್ಲಾಸಿನ ಬಂಗಾಳಿ ಕ್ಯಾಂಪಿನ ಹುಡುಗಿಯನ್ನು ‘ಅಕಿ ಬಾಂಗ್ಲಾದಾಕಿ, ಮೀನದ ವಾಸನಿ’ ಅಂದಳು. ಬೈಯಲಿಲ್ಲ, ಕೂಡಿಸಿಕೊಂಡು ಕಥೆ ಹೇಳಿದೆ. ತುಂಗಭದ್ರಾ ಕಾಲುವೆಗೆ ನೀರು ಬಂದಾಗ ಆಂಧ್ರದವರು ಹೊಲ ಕೊಂಡು ಕ್ಯಾಂಪು ಕಟ್ಟಿದರು, ನಮ್ಮ ಎರೆ ಹೊಲ ಭತ್ತದ ಗದ್ದೆಯಾಯಿತು. ಪೂರ್ವ ಪಾಕಿಸ್ತಾನ ಬಿಟ್ಟು ಓಡಿಬಂದ ಬಂಗಾಳಿಗಳನ್ನು ಸರ್ಕಾರವೇ ಕರೆತಂದು ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ಇಳಿಸಿತು. ಅವರಲ್ಲಿ ಬಹಳ ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಆ ಜಾತಿ ಪರಿಶಿಷ್ಟರ ಪಟ್ಟಿಯಲ್ಲಿದೆ. ಇಲ್ಲಿಯ ಪಟ್ಟಿಗೂ ಸೇರಿಸಿ ಎಂದು ವರ್ಷಗಳಿಂದ ಅರ್ಜಿ ಹಿಡಿದು ಓಡಾಡಿದ್ದಾರೆ. ಈ ಭಾಗ ಅವಳಿಗೆ ಅರ್ಥವಾಗಲಿಲ್ಲ, ಆಗದಿದ್ದರೂ ಹೇಳಿದೆ.

‘ಮತ್ತ ನಾವು ಹಟ್ಟಿಗೆ ಯಾವಾಗ ಬಂದ್ವಿ ಅಜ್ಜಿ?’ ಎಂದಳು.

‘ಎಪ್ಪತ್ತೆರಡರ ಬರದಾಗ. ನಿಮ್ಮಜ್ಜ ಕೂಲಿ ಹುಡಿಕ್ಯಾಡ್ಕೋತ ಬಂದ್ರು.’

ಮರುದಿನ ಟಿಫಿನ್ ಡಬ್ಬಿಯಲ್ಲಿ ಎರಡು ರೊಟ್ಟಿ ಜಾಸ್ತಿ ಹಾಕು ಎಂದು ಅವರವ್ವನಿಗೆ ಹೇಳಿದಳು. ಯಾರಿಗೆ ಎಂದು ಮಗಳು ಕೇಳಿದ್ದಕ್ಕೆ ನನ್ನ ಮಾರಿ ನೋಡಿದಳು.