ಮಕ್ಕಳ ಕೈತೊಳೆಯುವ ಪಾಠ: ಸಾಬೂನು ಕಂಪನಿಗಳ ಪಾತ್ರವೆಷ್ಟು?

ಊಟಕ್ಕೆ ಮುನ್ನ ಹಾಗೂ ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು ಅತಿಸಾರ ಮತ್ತು ಶ್ವಾಸಕೋಶದ ಸೋಂಕುಗಳನ್ನು ತಡೆಯುವ ಅತ್ಯಂತ ಅಗ್ಗದ ಮಾರ್ಗ. ಆದರೆ ಇದನ್ನು ಶಾಲಾ ಮಕ್ಕಳಿಗೆ ಕಲಿಸುವ ಹೊಣೆಯನ್ನು ಆರೋಗ್ಯ ಇಲಾಖೆಗಳ ಜತೆಗೆ ಸಾಬೂನು ಕಂಪನಿಗಳೂ ಹೊತ್ತುಕೊಂಡಿವೆ.

ಅಭಿಯಾನದ ಬಗೆ

ಹಿಂದೂಸ್ತಾನ್ ಲಿವರ್ ಕಂಪನಿ ಲೈಫ್‌ಬಾಯ್ ಹೆಸರಿನಲ್ಲಿ 2002ರಲ್ಲಿ ಆರಂಭಿಸಿದ 'ಸ್ವಾಸ್ಥ್ಯ ಚೇತನಾ' ಇಂತಹ ಅಭಿಯಾನಗಳಲ್ಲಿ ಪ್ರಮುಖವಾದುದು. ಮಕ್ಕಳ ಅಂಗೈಗೆ ವಿಶೇಷ ಪುಡಿ ಸವರಿ, ಬರೀ ನೀರಿನಲ್ಲಿ ತೊಳೆಸಿ, ನೇರಳಾತೀತ ಬೆಳಕಿನಲ್ಲಿ ತೋರಿಸಲಾಗುತ್ತಿತ್ತು. ಉಳಿದ ಪುಡಿ ಹೊಳೆಯುತ್ತಿದ್ದುದರಿಂದ, ಶುಭ್ರವಾಗಿ ಕಾಣುವ ಕೈ ನಿಜವಾಗಿ ಶುಭ್ರವಲ್ಲ ಎಂಬುದು ಮಕ್ಕಳಿಗೆ ಮನದಟ್ಟಾಗುತ್ತಿತ್ತು. 2008ರಿಂದ ಪ್ರತಿ ಅಕ್ಟೋಬರ್ 15ರಂದು ವಿಶ್ವ ಕೈತೊಳೆಯುವ ದಿನವನ್ನು ಆಚರಿಸಲಾಗುತ್ತಿದೆ.

ಲಾಭ ಯಾರಿಗೆ?

2002ರ ಸುಮಾರಿಗೆ ವಿಶ್ವಬ್ಯಾಂಕ್, ಸರಕಾರ ಹಾಗೂ ಸಾಬೂನು ಉದ್ಯಮಗಳು ಸೇರಿ ಕೇರಳದಲ್ಲಿ ಇಂತಹ ಕಾರ್ಯಕ್ರಮ ಯೋಜಿಸಿದಾಗ, ಇದು ಕಂಪನಿಗಳ ಮಾರುಕಟ್ಟೆ ವಿಸ್ತರಣೆ ಎಂಬ ತೀವ್ರ ಟೀಕೆ ಎದ್ದಿತ್ತು. ಸಾಬೂನಿನ ಉಪಯೋಗದ ಬಗ್ಗೆ ಮಾತ್ರ ಸಂದೇಹವಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ನೆರವಿನಿಂದ ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ವರ್ಷದೊಳಗಿನ ಮಕ್ಕಳಲ್ಲಿ ಅತಿಸಾರ ಶೇ. 53ರಷ್ಟು ಕಡಿಮೆಯಾಗಿತ್ತು. ಕ್ರಿಮಿನಾಶಕ ಸಾಬೂನು ಮತ್ತು ಸಾಧಾರಣ ಸಾಬೂನುಗಳ ಫಲ ಒಂದೇ ಆಗಿತ್ತು. ಅಂದರೆ ರಕ್ಷಣೆ ನೀಡುವುದು ತೊಳೆಯುವ ಕ್ರಿಯೆಯೇ ಹೊರತು ಬ್ರಾಂಡ್ ಅಲ್ಲ.

ಬೆಂಗಳೂರಿನ ಪ್ರಯೋಗ

ಯಾವುದೇ ಬ್ರಾಂಡ್ ಹೆಸರಿಲ್ಲದೆ ಜಾಹೀರಾತಿನ ತಂತ್ರವನ್ನು ಮಾತ್ರ ಬಳಸಿದ ಪ್ರಯೋಗವೂ ಉಂಟು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಹಾಗೂ ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ತಜ್ಞರು 2011ರಲ್ಲಿ ನೆರೆಯ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ 'ಸೂಪರ್ ಅಮ್ಮ' ಅಭಿಯಾನವನ್ನು ಪರೀಕ್ಷಿಸಿದರು. ರೋಗದ ಭಯ ಹುಟ್ಟಿಸುವ ಬದಲು ತಾಯ್ತನದ ಮಮತೆ, ಹೇಸಿಗೆ ಹಾಗೂ ಮರ್ಯಾದೆಯ ಭಾವನೆಗಳನ್ನು ಶಾಲೆ ಮತ್ತು ಊರ ಸಭೆಗಳಲ್ಲಿ ತಟ್ಟಲಾಯಿತು. ಅಭಿಯಾನ ನಡೆದ ಹಳ್ಳಿಗಳಲ್ಲಿ ಅಗತ್ಯ ಸಂದರ್ಭಗಳಲ್ಲಿ ಸಾಬೂನು ಬಳಸಿ ಕೈ ತೊಳೆಯುವ ಪ್ರಮಾಣ ಶೇ. 1ರಿಂದ ಆರು ತಿಂಗಳಲ್ಲಿ ಶೇ. 37ಕ್ಕೇರಿ, ವರ್ಷದ ಕೊನೆಗೆ ಶೇ. 29ಕ್ಕಿಳಿಯಿತು. ಅಭ್ಯಾಸವನ್ನು ಬೆಳೆಸಬಹುದು, ಆದರೆ ಅದು ಸಡಿಲಗೊಳ್ಳಲೂಬಹುದು ಎಂಬುದು ಇದರ ಪಾಠ.

ಶಾಲೆಗೆ ಬೇಕಾದುದು

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವವರೆಗೆ ಕೆಂಗೇರಿಗೆ ತನ್ನದೇ ಪುರಸಭೆಯಿತ್ತು. ಪಶ್ಚಿಮ ಬೆಂಗಳೂರಿನ ಚರಂಡಿ ನೀರನ್ನು ಹೊತ್ತ ವೃಷಭಾವತಿ ಇಲ್ಲಿಯೇ ಹಾದುಹೋಗುತ್ತದೆ. ಇಂತಹ ಪರಿಸರದಲ್ಲಿ ಬೆಳೆಯುವ ಮಕ್ಕಳಿಗೆ ಶುಚಿಯಾದ ಕೈ ಇನ್ನಷ್ಟು ಅಗತ್ಯ.

ಸರಕಾರಿ ಶಾಲೆಗಳಲ್ಲಿ ಇದಕ್ಕೆ ಸೂಕ್ತ ಸಮಯ ಬಿಸಿಯೂಟದ ವೇಳೆ. ರಾಜ್ಯದಲ್ಲಿ 'ಅಕ್ಷರ ದಾಸೋಹ' 2002ರಲ್ಲಿ ಆರಂಭವಾಯಿತು. 2014ರ 'ಸ್ವಚ್ಛ ಭಾರತ, ಸ್ವಚ್ಛ ವಿದ್ಯಾಲಯ' ಕಾರ್ಯಕ್ರಮವು ಊಟಕ್ಕೆ ಮುನ್ನ ಮಕ್ಕಳು ಗುಂಪಾಗಿ ಕೈ ತೊಳೆಯುವುದಕ್ಕೆ ಒತ್ತು ನೀಡಿತು. ಇದಕ್ಕೆ ಬೇಕಾದುದು ಮೂರೇ: ಮಕ್ಕಳ ಎತ್ತರಕ್ಕೆ ಹೊಂದುವ ಸಾಕಷ್ಟು ನಲ್ಲಿಗಳು, ನಿರಂತರ ನೀರು ಹಾಗೂ ನಲ್ಲಿಯ ಬಳಿಯೇ ಸಾಬೂನು. ಅಂಗೈ, ಹಿಂಗೈ, ಬೆರಳ ಸಂದು ಮತ್ತು ಉಗುರುಗಳನ್ನು 20 ಸೆಕೆಂಡ್ ಉಜ್ಜಿ ತೊಳೆಯಬೇಕು.

ಮಾದರಿ ಸಾಬೂನು ಹಂಚಿ ಕಂಪನಿಯ ತಂಡ ಮರಳಿದ ನಂತರ ಮುಂದಿನ ತಿಂಗಳ ಸಾಬೂನನ್ನು ಕೊಳ್ಳುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಶಾಲೆಯ ವೆಚ್ಚದಲ್ಲಿ ಅದಕ್ಕೊಂದು ಸಾಲು ಇಲ್ಲದಿದ್ದರೆ, ಕಲಿತ ಪಾಠ ಬಹುಕಾಲ ಉಳಿಯಲಾರದು.