ಕೀಟೋ ಪಥ್ಯ: ನಡುವಯಸ್ಸಿನಲ್ಲಿ ತೂಕ ಇಳಿಯುವುದು ನಿಧಾನವಾದಾಗ

ಅನ್ನ, ಚಪಾತಿ, ದೋಸೆ, ಸಕ್ಕರೆಗಳನ್ನು ಬಹುತೇಕ ಬಿಟ್ಟು ಮೀನು, ಮಾಂಸ, ಮೊಟ್ಟೆ, ಎಣ್ಣೆ, ಬೆಣ್ಣೆಗಳನ್ನೇ ಮುಖ್ಯ ಆಹಾರವಾಗಿ ಸೇವಿಸುವ ಕೀಟೋ ಪಥ್ಯ ಇಂದು ನಮ್ಮ ಕರಾವಳಿಯ ಮನೆಗಳಿಗೂ ಬಂದಿದೆ. ಕುಚ್ಚಲಕ್ಕಿ ಅನ್ನವಿಲ್ಲದೆ ಊಟವೇ ಆಗದು ಎನ್ನುತ್ತಿದ್ದವರೂ ತೂಕ ಇಳಿಸುವ ಆಸೆಯಿಂದ ಇದನ್ನು ಕೈಗೊಳ್ಳುತ್ತಿದ್ದಾರೆ. ಮೊದಲ ಎರಡು ವಾರಗಳಲ್ಲಿ ಎರಡು ಮೂರು ಕಿಲೋ ಇಳಿದಾಗ ಉತ್ಸಾಹವೋ ಉತ್ಸಾಹ. ಆಮೇಲೆ ವಾರಗಟ್ಟಲೆ ತೂಕದ ಯಂತ್ರದ ಮುಳ್ಳು ಅಲುಗದಿದ್ದಾಗ ನಿರಾಶೆ.

ನಲವತ್ತೈದು ದಾಟಿದವರಲ್ಲಿ ಈ ನಿರಾಶೆ ಹೆಚ್ಚು. ಕೆಲವರು "ವಯಸ್ಸಾಯಿತು, ಇನ್ನು ಇಳಿಯುವುದಿಲ್ಲ" ಎಂದು ಕೈಚೆಲ್ಲುತ್ತಾರೆ. ಕೆಲವರು ಹೊತ್ತಿನ ಊಟವನ್ನೇ ಬಿಟ್ಟು ದೇಹವನ್ನು ದಂಡಿಸುತ್ತಾರೆ. ಇನ್ನು ಕೆಲವರು ವೈದ್ಯರನ್ನು ಕೇಳದೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಈ ಮೂರರ ಅಗತ್ಯವೂ ಇಲ್ಲ. ತೂಕ ನಿಧಾನವಾಗಿ ಇಳಿಯುವುದಕ್ಕೆ ಕಾರಣಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ಗುರುತಿಸಿ ಸರಿಪಡಿಸಿಕೊಳ್ಳಬಹುದು. ಅವನ್ನು ಒಂದೊಂದಾಗಿ ತಿಳಿದುಕೊಳ್ಳೋಣ.

ಕೀಟೋ ಪಥ್ಯ ಎಂದರೇನು?

ಇದು ತೂಕ ಇಳಿಸಲು ಹುಟ್ಟಿದ ಪಥ್ಯವಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆಯ ಚಿಕಿತ್ಸೆಗಾಗಿ ಇದನ್ನು ಸೂಚಿಸಿ ಹೆಸರಿಟ್ಟರು. ಔಷಧಕ್ಕೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಇಂದಿಗೂ ವೈದ್ಯರ ಮೇಲ್ವಿಚಾರಣೆಯಲ್ಲಿ ಇದನ್ನು ಕೊಡುವುದುಂಟು.

ಈ ಪಥ್ಯದಲ್ಲಿ ದಿನಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಪಿಷ್ಟಕ್ಕೆ ಮಾತ್ರ ಅವಕಾಶ. ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ ಅನ್ನದಲ್ಲೇ 40 ಗ್ರಾಂನಷ್ಟು ಪಿಷ್ಟವಿರುತ್ತದೆ ಎಂದರೆ ಇದೆಷ್ಟು ಕಟ್ಟುನಿಟ್ಟು ಎಂಬುದು ತಿಳಿಯುತ್ತದೆ. ಪಿಷ್ಟ ಸಿಗದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ದೇಹ ಅವನ್ನು ಇಂಧನವಾಗಿ ಬಳಸುತ್ತದೆ. ಆದರೆ ಹೀಗೆ ಉರಿಯುವ ಕೊಬ್ಬು ನಾವು ತಟ್ಟೆಯಲ್ಲಿ ಬಡಿಸಿಕೊಂಡದ್ದೂ ಆಗಿರಬಹುದು, ಸೊಂಟದಲ್ಲಿ ಕೂಡಿಟ್ಟದ್ದೂ ಆಗಿರಬಹುದು. ತಟ್ಟೆಯದೇ ಸಾಕಷ್ಟಿದ್ದರೆ ಸೊಂಟದ್ದು ಕರಗುವುದಿಲ್ಲ. ಈ ಲೇಖನದ ಮುಖ್ಯ ಮಾತು ಇದೇ.

ಮೊದಲ ವಾರಗಳ ಇಳಿಕೆ ಹೆಚ್ಚಾಗಿ ನೀರು

ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು ಅರ್ಧ ಕಿಲೋ ಪಿಷ್ಟ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟಾಗ ಈ ಸಂಗ್ರಹ ಕರಗಿ ನೀರೂ ಹೊರಹೋಗುತ್ತದೆ. ಮೊದಲ ವಾರಗಳ ಎರಡು ಮೂರು ಕಿಲೋಗಳಲ್ಲಿ ದೊಡ್ಡ ಪಾಲು ಇದೇ.

ಆದ್ದರಿಂದ ಮೂರನೇ ವಾರದಲ್ಲಿ ವೇಗ ತಗ್ಗಿದರೆ ಪಥ್ಯ ಕೆಟ್ಟಿತು ಎಂದಲ್ಲ. ನಿಜವಾದ ಕೊಬ್ಬಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಯ ಕೊರತೆ ಬೇಕು. ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೆ ತಿಂಗಳಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಇಳಿದೀತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ವಾರಕ್ಕೆ ಅರ್ಧ ಕಿಲೋ ಇಳಿಕೆಯನ್ನೇ ಸುರಕ್ಷಿತ ಎನ್ನುತ್ತದೆ.

ಹಾಗೆಯೇ ಒಂದು ಮದುವೆ ಅಥವಾ ರೋಸ್ ಊಟದಲ್ಲಿ ಸನ್ನ, ಅನ್ನ ತಿಂದ ಮರುದಿನ ತೂಕ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ. ಒಂದೇ ರಾತ್ರಿಯಲ್ಲಿ ಅಷ್ಟು ಕೊಬ್ಬು ಕೂಡುವುದಿಲ್ಲ. ಹೋದ ನೀರು ಮರಳಿ ಬಂದಿದೆ, ಅಷ್ಟೆ.

ವಯಸ್ಸಿನ ಪಾತ್ರವೆಷ್ಟು?

ನಲವತ್ತರ ನಂತರ ದೇಹದ ದಹನಶಕ್ತಿಯೇ ಕುಂದುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ 20ರಿಂದ 60 ವರ್ಷದವರೆಗೆ ದೇಹ ವ್ಯಯಿಸುವ ಶಕ್ತಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಳಿಕೆ ಶುರುವಾಗುವುದು 60ರ ಆಸುಪಾಸಿನಲ್ಲಿ.

ಹಾಗಾದರೆ ನಡುವಯಸ್ಸಿನಲ್ಲಿ ಬದಲಾಗುವುದೇನು? ಮೊದಲನೆಯದು ಸ್ನಾಯು. ಬಳಸದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಸ್ನಾಯು ಕಡಿಮೆಯಾದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಎರಡನೆಯದು ಓಡಾಟ. ಬಾವಿಯಿಂದ ನೀರು ಸೇದುವುದು, ಕಡೆಯುವ ಕಲ್ಲಿನಲ್ಲಿ ಅರೆಯುವುದು, ಗದ್ದೆಯ ಕೆಲಸ, ಪೇಟೆಗೆ ನಡೆದು ಹೋಗುವುದು ನಮ್ಮಲ್ಲಿ ಹೆಚ್ಚಿನವರಿಗೆ ತಪ್ಪಿಹೋಗಿವೆ. ಮೂರನೆಯದು ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 45ರಿಂದ 50 ವರ್ಷದೊಳಗೆ ಬರುತ್ತದೆ. ಈಸ್ಟ್ರೋಜನ್ ಕಡಿಮೆಯಾದಂತೆ ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ, ನಿದ್ದೆಯೂ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು.

ಇವುಗಳ ಜೊತೆಗೆ ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಆಹಾರ ಬೇಡ. 80 ಕಿಲೋ ಇದ್ದವರು 72ಕ್ಕೆ ಬಂದರೆ ದಿನಕ್ಕೆ ಸುಮಾರು ನೂರು ಕ್ಯಾಲೊರಿ ಕಡಿಮೆ ಸಾಕು. ಮೊದಲ ತಿಂಗಳಲ್ಲಿ ಇಳಿಸಿದ ಅದೇ ಊಟ ನಾಲ್ಕನೇ ತಿಂಗಳಲ್ಲಿ ಇಳಿಸದಿರುವುದಕ್ಕೆ ಇದೂ ಒಂದು ಕಾರಣ.

ಅನ್ನ ಬಿಟ್ಟರೂ ತಟ್ಟೆ ಹಗುರವಾಗಿಲ್ಲವೇ?

ಒಂದು ಗ್ರಾಂ ಪಿಷ್ಟ ಅಥವಾ ಪ್ರೊಟೀನಿನಲ್ಲಿ 4 ಕ್ಯಾಲೊರಿ ಇದ್ದರೆ, ಒಂದು ಗ್ರಾಂ ಕೊಬ್ಬಿನಲ್ಲಿ 9. "ಕೀಟೋದಲ್ಲಿ ಕೊಬ್ಬನ್ನು ಎಷ್ಟು ಬೇಕಾದರೂ ತಿನ್ನಬಹುದು" ಎಂಬ ಮಾತು ಸರಿಯಲ್ಲ. ಕೆಳಗಿನ ಲೆಕ್ಕವನ್ನು ಗಮನಿಸಿ:

– ಒಂದು ಬಟ್ಟಲು ಅನ್ನ (150 ಗ್ರಾಂ): ಸುಮಾರು 195 ಕ್ಯಾಲೊರಿ
– ಒಂದು ದೊಡ್ಡ ಚಮಚ ತೆಂಗಿನೆಣ್ಣೆ: ಸುಮಾರು 120 ಕ್ಯಾಲೊರಿ
– 50 ಗ್ರಾಂ ಗೇರುಬೀಜ: ಸುಮಾರು 275 ಕ್ಯಾಲೊರಿ, ಜೊತೆಗೆ 15 ಗ್ರಾಂ ಪಿಷ್ಟ
– 100 ಗ್ರಾಂ ತೆಂಗಿನ ತುರಿ: ಸುಮಾರು 350 ಕ್ಯಾಲೊರಿ

ಒಂದು ಬಟ್ಟಲು ಅನ್ನ ಬಿಟ್ಟು, ಸಂಜೆ ಒಂದು ಹಿಡಿ ಗೇರುಬೀಜ ಮೆದ್ದು, ಕಾಫಿಗೆ ಒಂದು ಚಮಚ ಬೆಣ್ಣೆ ಹಾಕಿಕೊಂಡರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು. ನಮ್ಮ ಅಡುಗೆಯಲ್ಲಿ ತೆಂಗು ಧಾರಾಳ. ಅದು ಒಳ್ಳೆಯದೇ, ಆದರೆ ಲೆಕ್ಕಕ್ಕೆ ಹೊರತಲ್ಲ. ಮದ್ಯವೂ ಹಾಗೆಯೇ. ಅದರ ಪ್ರತಿ ಗ್ರಾಂನಲ್ಲಿ 7 ಕ್ಯಾಲೊರಿ ಇದೆ. ದೇಹ ಅದನ್ನು ಮೊದಲು ಉರಿಸಿ ಕೊಬ್ಬನ್ನು ಬದಿಗಿಡುತ್ತದೆ.

ಏನು ಮಾಡಬಹುದು?

1. ಎರಡು ವಾರ ಬರೆದಿಡಿ. ತಿಂದದ್ದು, ಕುಡಿದದ್ದು, ಅಡುಗೆಗೆ ಸುರಿದ ಎಣ್ಣೆ ಎಲ್ಲವನ್ನೂ. ಕೈಯಂದಾಜು ಬೇಡ, ಚಮಚದಲ್ಲಿ ಅಳೆಯಿರಿ. ಕಾರಣ ಹೆಚ್ಚಾಗಿ ಇಲ್ಲಿಯೇ ಸಿಗುತ್ತದೆ.

2. ಪ್ರೊಟೀನ್ ಮೊದಲು, ಕೊಬ್ಬು ಆಮೇಲೆ. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಹೊಂದುತ್ತದೆ. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಬಂಗುಡೆ, ಬೂತಾಯಿಗಳು ನಮ್ಮ ಭಾಗ್ಯ. ಅವನ್ನು ಎಣ್ಣೆಯಲ್ಲಿ ಮುಳುಗಿಸದೆ ಪುಳಿಮುಂಚಿ ಮಾಡಿ, ಇಲ್ಲವೇ ಕಾವಲಿಯ ಮೇಲೆ ಕಾಯಿಸಿ.

3. ತರಕಾರಿಯನ್ನು ಮರೆಯಬೇಡಿ. ಹರಿವೆ, ಬಸಳೆ, ತೊಂಡೆ, ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆಗಳಲ್ಲಿ ಪಿಷ್ಟ ಕಡಿಮೆ. ಇವು ಹೊಟ್ಟೆ ತುಂಬಿಸುತ್ತವೆ, ಈ ಪಥ್ಯದಲ್ಲಿ ಸಾಮಾನ್ಯವಾದ ಮಲಬದ್ಧತೆಯನ್ನೂ ತಡೆಯುತ್ತವೆ.

4. ಸ್ನಾಯು ಉಳಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯಂಥ ವ್ಯಾಯಾಮವನ್ನೂ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯೂರಿ ದೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು ಮನೆಯಲ್ಲೇ ಸಾಧ್ಯ.

5. ನಿದ್ದೆಗೆ ಬೆಲೆ ಕೊಡಿ. 2010ರಲ್ಲಿ ಪ್ರಕಟವಾದ ಹತ್ತು ಜನರ ಒಂದು ಸಣ್ಣ ಅಧ್ಯಯನದಲ್ಲಿ, ಒಂದೇ ಬಗೆಯ ಮಿತಾಹಾರದಲ್ಲಿದ್ದವರು ನಿದ್ದೆಗೆ ಕಡಿಮೆ ಸಮಯ ಸಿಕ್ಕಾಗ ಕೊಬ್ಬಿಗಿಂತ ಸ್ನಾಯುವನ್ನೇ ಹೆಚ್ಚು ಕಳೆದುಕೊಂಡರು.

6. ತೂಕದ ಜೊತೆ ಸೊಂಟವನ್ನೂ ಅಳೆಯಿರಿ. ಭಾರತೀಯ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ ಸೊಂಟ ಅಪಾಯದ ಸೂಚನೆ. ಮುಳ್ಳು ಅಲುಗದಿದ್ದರೂ ಸೊಂಟ ಇಳಿಯುತ್ತಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ನಾಲ್ಕು ವಾರ ಎರಡೂ ಬದಲಾಗದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಬೇಕು. ಮೂತ್ರದಲ್ಲಿ ಕೀಟೋನ್ ತೋರಿಸುವ ಪಟ್ಟಿಯ ಬಣ್ಣವು ಕೊಬ್ಬು ಎಷ್ಟು ಕರಗಿತು ಎಂಬುದನ್ನು ಹೇಳುವುದಿಲ್ಲ.

ವೈದ್ಯರಲ್ಲಿ ಕೇಳಲೇಬೇಕಾದದ್ದು

ಎಲ್ಲ ಸರಿಯಿದ್ದೂ ತೂಕ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇನ್ಸುಲಿನ್, ಸ್ಟೀರಾಯ್ಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ತೂಕ ಹೆಚ್ಚಿಸಬಲ್ಲವು. ಅವನ್ನು ನೀವಾಗಿ ನಿಲ್ಲಿಸಬೇಡಿ. ಬದಲಿ ಇದೆಯೇ ಎಂದು ವೈದ್ಯರನ್ನೇ ಕೇಳಿ.

ಸಕ್ಕರೆ ಕಾಯಿಲೆ ಇರುವವರು ವಿಶೇಷವಾಗಿ ಗಮನಿಸಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸೇವಿಸುವವರಲ್ಲಿ ಕೀಟೋ ಪಥ್ಯದಿಂದ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಪ್ರಾಣಾಪಾಯ ಉಂಟಾಗಬಹುದು. ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರಬಹುದು ಎಂಬುದೇ ಇದರ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರನ್ನೂ ಪಥ್ಯದ ವಿಷಯವನ್ನೂ ಹೇಳಿ.

ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಕೆಲವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರುವುದರಿಂದ ಪಥ್ಯಕ್ಕೆ ಮೊದಲು ಮತ್ತು ಮೂರು ತಿಂಗಳ ನಂತರ ಪರೀಕ್ಷೆ ಅಗತ್ಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಯಕೃತ್ತು, ಮೂತ್ರಪಿಂಡ ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆ ಇರುವವರು ತಾವಾಗಿ ಈ ಪಥ್ಯಕ್ಕೆ ಇಳಿಯಬಾರದು.

ಅನ್ನಕ್ಕೆ ಮರಳಿದರೆ ಸೋಲೇ?

ಖಂಡಿತ ಅಲ್ಲ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಿಷ್ಟ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಇರುವ ಆಹಾರ ಸೂಚಿಸಲಾಯಿತು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 6 ಕಿಲೋ, ಎರಡನೆಯದು 5.3 ಕಿಲೋ ಇಳಿಸಿತ್ತು. ಗಣನೀಯ ವ್ಯತ್ಯಾಸವೇನೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಅಧ್ಯಯನ 18,090 ಜನರ ಆಹಾರವನ್ನು ಆಧರಿಸಿ 2022ರಲ್ಲಿ ಮಾಡಿದ ಲೆಕ್ಕಾಚಾರವೂ ಸಕ್ಕರೆ ಕಾಯಿಲೆ ಹತೋಟಿಗೆ ಪಿಷ್ಟವನ್ನು ಪೂರ್ತಿ ಬಿಡಲು ಹೇಳುವುದಿಲ್ಲ. ಒಟ್ಟು ಕ್ಯಾಲೊರಿಯಲ್ಲಿ ಪಿಷ್ಟದ ಪಾಲನ್ನು ಸುಮಾರು ಅರ್ಧಕ್ಕೆ ಇಳಿಸಿ, ಪ್ರೊಟೀನನ್ನು ಐದನೇ ಒಂದರಷ್ಟಕ್ಕೆ ಏರಿಸಬೇಕು ಎನ್ನುತ್ತದೆ.

ಆದ್ದರಿಂದ ಮೂರು ತಿಂಗಳು ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಕೀಟೋ ಒಗ್ಗದಿದ್ದರೆ, ಅಥವಾ ಮನೆಯಲ್ಲಿ ದಿನಾ ಎರಡು ಬಗೆಯ ಅಡುಗೆ ಮಾಡಿ ದಣಿದಿದ್ದರೆ, ಮಧ್ಯಮ ದಾರಿ ಹಿಡಿಯಬಹುದು. ಎಲ್ಲರಿಗೂ ಅದೇ ಮೀನಿನ ಸಾರು, ಅದೇ ಪಲ್ಯ. ನಿಮ್ಮ ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಕಾಲು ಭಾಗ ಮೀನು ಅಥವಾ ಕಾಳು, ಉಳಿದ ಕಾಲು ಭಾಗ ಮಾತ್ರ ಅನ್ನ. ಸಕ್ಕರೆ, ಬೇಕರಿ ತಿಂಡಿ, ತಂಪು ಪಾನೀಯಗಳನ್ನು ಮಾತ್ರ ದೂರವೇ ಇಡಿ.

ನಡುವಯಸ್ಸಿನಲ್ಲಿ ತಿಂಗಳಿಗೆ ಒಂದು ಕಿಲೋ ಇಳಿದರೆ ಅದು ಸಣ್ಣ ಸಂಗತಿಯಲ್ಲ. ವರ್ಷಕ್ಕೆ ಹನ್ನೆರಡು ಕಿಲೋ ಆಯಿತು. ಅಷ್ಟು ಇಳಿಯದೆ ನಾಲ್ಕೈದು ಕಿಲೋ ಮಾತ್ರ ಇಳಿದರೂ ಸಕ್ಕರೆ, ರಕ್ತದೊತ್ತಡ, ಮೊಣಕಾಲು ನೋವುಗಳು ಹಗುರವಾಗುತ್ತವೆ. ಮುಂದಿನ ಐದು ವರ್ಷವೂ ನಡೆಸಿಕೊಂಡು ಹೋಗಬಲ್ಲ ಪಥ್ಯವನ್ನೇ ಆರಿಸಿಕೊಳ್ಳೋಣ.